ಗೋದಲಿಯ ಮುಂದೆ ಬಾಣಂತಿ ಲೇಹ್ಯ

ಹಬ್ಬದ ಹಿಟ್ಟು ಕೈಗೆ ತಣ್ಣಗೆ ತಾಗಿದ್ದು ನನಗೆ ಅದೇ ಮೊದಲು. ನಮ್ಮ ಹೊನ್ನಾವರದ ಕಡೆ ಡಿಸೆಂಬರಿನಲ್ಲೂ ಬೆವರು ಒರೆಸಿಕೊಳ್ಳುತ್ತಲೇ ಕ್ರಿಸ್ಮಸ್ ತಿಂಡಿ ಮಾಡುತ್ತೇವೆ. ಘಟ್ಟ ಹತ್ತಿ ಸಿದ್ದಾಪುರಕ್ಕೆ ಬಂದ ಆ ಮೊದಲ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ತುಪ್ಪ ಗಟ್ಟಿಯಾಗಿ ಹಿಟ್ಟು ಒಡೆಯುತ್ತಿತ್ತು. ಹೊಸ ಬಾಚಣಿಗೆಯ ಮೇಲೆ ಉಂಡೆಗಳನ್ನು ಒತ್ತಿ ಸುರುಳಿ ಮಾಡುತ್ತಿದ್ದೆ. ಕಿಡಿಯೊ ಎನ್ನುವ ಈ ತಿಂಡಿಗೆ ಗೀರು ಬರುವುದು ಹಾಗೆಯೇ.

“ಬಾಯಮ್ಮಾ, ನಿನ್ನ ಗಂಡಂದು ಫೋನು! ಬೇಗ ಬಾರೆ, ಇಟ್ಟುಬಿಡ್ತ!” ಮನೆ ಬಾಡಿಗೆ ಕೊಟ್ಟಿದ್ದ ಹವ್ಯಕರ ಅಜ್ಜಿ ಅಂಗಳದಾಚೆಯಿಂದ ಕೂಗಿದರು. ಕ್ರಿಶ್ಚಿಯನ್ ಹೆಂಗಸರೆಲ್ಲ ಅವರಿಗೆ ಬಾಯಮ್ಮಂದಿರೇ.

ಹಿಟ್ಟಿನ ಕೈಯಲ್ಲೇ ಓಡಿದೆ. ಗಂಡ ಬಸ್ ಡ್ರೈವರ್. ಬದಲಿಗೆ ಬರಬೇಕಾದವನಿಗೆ ಜ್ವರವಂತೆ. “ರಜೆ ಇಲ್ಲ. ಹಬ್ಬ ಅಲ್ಲೇ ಮಾಡಿ,” ಎಂದರು.

ಅಂದರೆ ಊರಿಲ್ಲ, ತವರಿಲ್ಲ. ಶಿರಸಿಯ ಇಗರ್ಜಿಗೆ ರಾತ್ರಿ ಪೂಜೆಗೆ ಹೋಗಿ ಬರಲು ಬಸ್ಸೂ ಇಲ್ಲ. ಆರು ವರ್ಷದ ಮಗಳು ಲೀನಾ ಕೇಳಿದ್ದು ಒಂದೇ: “ಹಾಗಾದ್ರೆ ಗೋದಲಿ?”

“ಅದೆಂತದೇ ಕೂಸೆ?” ಎಂದರು ಅಜ್ಜಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಹುಲ್ಲಿನಲ್ಲಿ ಕಟ್ಟಿ, ಮಾತೆ ಮರಿಯಳ ಗೊಂಬೆ ಕೂರಿಸಿ, ನಡುವೆ ಶಿಶುವನ್ನು ಮಲಗಿಸುವುದು ಎಂದು ನಾನು ವಿವರಿಸಿದೆ. ಶಿಶುವನ್ನು ನೋಡಲು ಮೂರು ರಾಯರು, ಅಂದರೆ ದೂರದ ರಾಜರು, ಬಂಗಾರ, ಧೂಪ ತಂದ ಕಥೆಯನ್ನು ಲೀನಾ ಸೇರಿಸಿದಳು. ಅಜ್ಜಿ ಮತ್ತೇನೂ ಕೇಳದೆ ಒಂದು ಹೊರೆ ಹುಲ್ಲು ಕೊಟ್ಟರು. ನಮ್ಮ ಬಿಡಾರದ ಕಟ್ಟೆಯ ಮೇಲೆ ಗೋದಲಿ ಎದ್ದಿತು. ಇಡ್ಲಿಯಂಥ ಸಾನ್ನಾದ ಹಿಟ್ಟು ಹುದುಗು ಬರಲು ಊರಿನಲ್ಲಾದರೆ ಕಳ್ಳು ಹಾಕುತ್ತೇವೆ. ಇಲ್ಲಿ ಅಜ್ಜಿ ಹೇಳಿದಂತೆ ಪಾತ್ರೆಯನ್ನು ಅವರ ಬಚ್ಚಲೊಲೆಯ ಬಳಿ ಇಟ್ಟೆ. ದೇವರು ಒಂದು ಬಾಗಿಲು ಮುಚ್ಚಿದ ದಿನವೂ ಹುಲ್ಲು, ಬೆಚ್ಚಗಿನ ಮೂಲೆ ಕೊಟ್ಟನಲ್ಲ ಎಂದುಕೊಂಡೆ.

ನಮ್ಮ ಮನೆಯ ಪದ್ಧತಿಯೊಂದಿದೆ. ಹಬ್ಬದ ತಿಂಡಿಗೆ ನಾವು ಕುಸ್ವಾರ್ ಎನ್ನುತ್ತೇವೆ. ಅದರ ಮೊದಲ ತಟ್ಟೆಯನ್ನು ನೆರೆಮನೆಯವರು ತೆಗೆದುಕೊಳ್ಳುವ ತನಕ ಮನೆಯವರು ಬಾಯಿಗಿಡುವಂತಿಲ್ಲ. ಊರಿನಲ್ಲಿ ಬೇಲಿ ದಾಟಿದರೆ ಹತ್ತು ಮನೆ. ಇಲ್ಲಿ ನಮಗಿದ್ದದ್ದು ಅಜ್ಜಿ ಒಬ್ಬರೇ. ಹಬ್ಬದ ಬೆಳಿಗ್ಗೆ ತಟ್ಟೆ ಹಿಡಿದು ಹೋದೆ. ಅಜ್ಜಿ ಆಗಷ್ಟೇ ಮಿಂದು ಪೂಜೆಗೆ ಹೂ ಕೊಯ್ಯುತ್ತಿದ್ದರು.

“ದೂರ ನಿಲ್ಲೇ, ಆನು ಮಡಿಲಿದ್ದಿ. ಮತ್ತೆ, ಕರಿದದ್ದು ಹೊರಗಿಂದು ಆನು ತಿಂತಿಲ್ಲೆ. ಬೇಜಾರ ಮಾಡ್ಕ್ಯಳಡ.”

“ಇಲ್ಲ ಅಜ್ಜಿ,” ಎಂದೆ. ಬೇಜಾರಾಗಿತ್ತು. ಅವರ ಆಚಾರ ಅವರಿಗೆ, ನನಗೂ ನನ್ನ ಉಪವಾಸದ ದಿನಗಳಿಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡರೂ ತಟ್ಟೆ ಕೈಗೆ ಭಾರವಾಗಿತ್ತು. ಲೀನಾ ತುಂಬಿದ ತಟ್ಟೆ ವಾಪಸು ಬಂದದ್ದು ನೋಡಿ ಕೇಳಿದಳು: “ಅಮ್ಮಾ, ಮತ್ತೆ ನಾವು ತಿನ್ನೂದು ಯಾವಾಗ?” ತಟ್ಟೆಯನ್ನು ಗೋದಲಿಯ ಪಕ್ಕದಲ್ಲಿಟ್ಟೆ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಒಂದು ಹಿತ್ತಾಳೆ ಬಟ್ಟಲು ಹಿಡಿದು ಅಂಗಳ ದಾಟಿ ಬಂದರು. ತಮ್ಮ ಮಗಳ ಬಾಣಂತನಕ್ಕೆಂದು ಶುಂಠಿ, ಕಾಳುಮೆಣಸು, ಬೆಲ್ಲ, ತುಪ್ಪ ಹಾಕಿ ಕಾಯಿಸಿಟ್ಟಿದ್ದ ಲೇಹ್ಯ. ಅದನ್ನು ಗೋದಲಿಯ ಎದುರು, ಮರಿಯಳ ಗೊಂಬೆಯ ಕಾಲ ಬುಡದಲ್ಲಿಟ್ಟರು.

“ನಿನ್ನೆಯಿಂದ ತಲೇಲಿ ಅದೇ ಇದ್ದು. ಪಾಪದ್ದು, ಈ ಥಂಡಿಲಿ ಕೊಟ್ಟಿಗೇಲಿ ಹಡೆದಿದ್ದು. ಆ ದೊಡ್ಡ ಮನುಷ್ಯರು ಬಂಗಾರ ತಂದ್ವಡ! ಬಾಣಂತಿ ಬಂಗಾರ ತಿಂತನೇ?”

ನಗು ಬಂತು, ಕಣ್ಣೂ ತುಂಬಿತು. ಹುಟ್ಟಿದಾಗಿನಿಂದ ಜಪಸರ ಹಿಡಿದವಳು ನಾನು. ಆ ತಾಯಿ ಅಂದು ಏನು ಉಂಡಳೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅಜ್ಜಿಯ ಕಣ್ಣು ತಟ್ಟೆಯ ಮೇಲೆ ಬಿತ್ತು. “ಎಂತಕೆ ಹಾಂಗೇ ಇದ್ದು?”

“ನೀವು ತಗೊಂಡ್ರೆ ಮಾತ್ರ ನಾವು ತಿನ್ನೂದು ಅಜ್ಜಿ,” ಎಂದಳು ಲೀನಾ. ನಾನು ಅವಳ ಬಾಯಿ ಮುಚ್ಚುವುದರೊಳಗೆ ಅಂದಾಗಿತ್ತು.

ಅಜ್ಜಿ ಎರಡೂ ಕೈಯಲ್ಲಿ ತಟ್ಟೆ ಎತ್ತಿಕೊಂಡರು. “ಅಜ್ಜೀ, ಮಡಿ!” ಎಂದೆ.

“ಹೋತು. ಒಲೇಲಿ ಬೆಂಕಿ ಇದ್ದು, ಮತ್ತೊಂದ್ಸಲ ಮಿಂದ್ರಾತು. ಈಗ ಇದು ಯನ್ನದು, ಅಲ್ದ ಕೂಸೆ? ಹಾಂಗಾರೆ ಯನ್ನ ಪಾಲು ನೀ ತಿನ್ನು.” ಒಂದು ಕಿಡಿಯೊ ಎತ್ತಿ ಮಗುವಿನ ಬಾಯಿಗಿಟ್ಟರು. “ನೀನೂ ತಿನ್ನೇ ತಂಗಿ.” ಅಂದಿನಿಂದ ಅವರು ನನ್ನನ್ನು ಬಾಯಮ್ಮ ಎಂದು ಕರೆದದ್ದಿಲ್ಲ.

ಅಜ್ಜಿ ಕೊನೆಯವರೆಗೂ ನಮ್ಮ ತಿಂಡಿ ತಿನ್ನಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಈಗ ಹಬ್ಬಕ್ಕೆ ಹೊನ್ನಾವರಕ್ಕೆ ಹೋದರೆ ಇಗರ್ಜಿಯ ಗಂಟೆ ಕೇಳಿ ಜೀವ ತಂಪಾಗುತ್ತದೆ. ಆದರೆ ಅಲ್ಲಿನ ಚೆಂದದ ಗೋದಲಿಯಲ್ಲಿ ಬಾಣಂತಿಯ ಮುಂದೆ ಏನೂ ಇಲ್ಲವಲ್ಲ ಎನಿಸಿ ಇಲ್ಲಿಯ ನೆನಪಾಗುತ್ತದೆ. ಇಲ್ಲಿದ್ದರೆ ಆ ಗಂಟೆಗೆ ಕಿವಿ ಕಾಯುತ್ತದೆ.

ಅಂದು ಮಾತ್ರ ಯಾವ ಊರೂ ನೆನಪಾಗಲಿಲ್ಲ. ಅಜ್ಜಿ ಎರಡನೇ ಸಲ ಮಿಂದು ಒಳಗೆ ಹೋದ ಮೇಲೆ, ಬಚ್ಚಲೊಲೆಯ ಬಳಿ ಉಕ್ಕಿ ಬಂದಿದ್ದ ಹಿಟ್ಟು ತಂದು, ಸಾನ್ನಾ ಬೇಯಲು ಇಟ್ಟೆ.