ಕಣ್ಣು ಕೀಳದ ಬಾರ್ಟ್ಲಿ

ಲೋಕವೆಲ್ಲ ಯುದ್ಧಕ್ಕೆ ಬಿದ್ದಿದ್ದಾಗ ಐರ್ಲೆಂಡು ಯಾರ ಪಕ್ಷಕ್ಕೂ ಸೇರದೆ ಕಡಲು ನೋಡುತ್ತ ಕೂತಿತ್ತು. ಆ ನೋಡುವ ಕೆಲಸ ಬಾರ್ಟ್ಲಿ ಮ್ಯಾನಿಯನ್‌ನದು. ಪಶ್ಚಿಮ ತೀರದ ಕಾನಮಾರಾದ ಬಂಡೆಯ ತುದಿಯಲ್ಲಿ ಒಂದು ಸಿಮೆಂಟಿನ ಗೂಡು, ಒಂದು ದುರ್ಬೀನು, ಒಂದು ಫೋನು. ಹುಲ್ಲಿನ ಮೇಲೆ, ವಿಮಾನದವರು ಓದಿಕೊಂಡು ಹೋಗಲೆಂದು, ಸುಣ್ಣ ಬಳಿದ ಕಲ್ಲುಗಳಲ್ಲಿ ಬರೆದ ದೇಶದ ಹೆಸರು. ಆ ತೀರದ ಕೋಟೆಯೆಂದರೆ ಇಷ್ಟೇ. ಬಂಗುಡೆ ಹಿಡಿಯುತ್ತಿದ್ದ ಬಾರ್ಟ್ಲಿಗೆ ಈಗ ಸಮವಸ್ತ್ರ, ಕಂಡದ್ದನ್ನೆಲ್ಲ ಫೋನಿನಲ್ಲಿ ಹೇಳುವ ಕೆಲಸ. ಚಳಿಗಾಲದಲ್ಲೊಮ್ಮೆ ತಿಮಿಂಗಿಲವನ್ನು ಸಬ್‌ಮರೀನ್ ಎಂದು ಹೇಳಿಬಿಟ್ಟಿದ್ದ. ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದಿದ್ದರು ಮೇಲಿನವರು.

ಮೇ ತಿಂಗಳ ಆ ಬೆಳಿಗ್ಗೆ ಕಡಲು ನಿದ್ದೆಯಲ್ಲಿ ಉಸಿರಾಡುವ ಹಾಗೆ ಏರಿ ಇಳಿಯುತ್ತಿತ್ತು. ಪಶ್ಚಿಮಕ್ಕೆ, ಏನೂ ಇರಬಾರದ ಕಡೆ, ಒಂದು ದ್ವೀಪ ನಿಂತಿತ್ತು. ಹಸಿರು ಗುಡ್ಡ, ಬಿಳಿ ದಂಡೆ, ಮನೆಗಳ ಹೊಗೆ ಕೂಡ ಇದ್ದ ಹಾಗೆ.

"ಫೆಹೀನ್, ಸ್ವಲ್ಪ ಹೊರಗ್ ಬಾ ಮಾರಾಯ."

ಫೋನಿನ ಬಳಿಯಿದ್ದ ಜೊತೆಗಾರ ಫೆಹೀನ್ ಬಾಗಿಲಲ್ಲಿ ತಲೆ ಹಾಕಿ ನೋಡಿ, ಟೋಪಿ ತೆಗೆದ. "ಅಯ್ಯೋ, ಅದೇ ಅಲ್ವಾ ಮಾಯಾದ್ವೀಪ? ಅದ್ರ ಮೇಲಿಂದ ಕಣ್ಣು ಕೀಳ್ಬೇಡ. ಕಣ್ಣು ಕಿತ್ರೆ ಹೋಗ್ಬಿಡತ್ತೆ ಅಂತಿದ್ಲು ನಮ್ಮಜ್ಜಿ."

"ಕೀಳಲ್ಲ."

"ಎಷ್ಟೊತ್ತು ನೋಡ್ತೀಯಾ? ಮದ್ವೆ ಆಗ್ತೀಯೇನು ಅದನ್ನ?"

ಬಾರ್ಟ್ಲಿ ನಗಲಿಲ್ಲ. ದ್ವೀಪದ ಬುಡದಲ್ಲಿ ಕಪ್ಪು ಚುಕ್ಕೆಯೊಂದು ಅಲೆಯ ಮೇಲೇರಿ ಮರೆಯಾಯಿತು. ಮತ್ತೆ ಏರಿತು. ಅದರಲ್ಲೊಂದು ಕೈ ಆಡಿತೇ?

"ದೋಣಿ ಇದೆ ಕಣೋ, ಜನ ಇದ್ದಾರೆ. ಫೋನ್ ಮಾಡು."

"ಎಲ್ಲಿ ಅಂತ ಹೇಳ್ಲಿ? ಮಾಯಾದ್ವೀಪದ ಪಕ್ಕ ಅಂತಲಾ? ನಿನ್ನ ಕೆಲಸ ಹೋಗತ್ತೆ."

"ಹೋಗ್ಲಿ. ಹಾಗೇ ಹೇಳು."

ಫೆಹೀನ್ ಹಾಗೆಯೇ ಹೇಳಿದ. ಆ ಕಡೆಯಿಂದ ಅಧಿಕಾರಿ, "ಯಾವ ದೇಶದವ್ರು?" ಎಂದು ಕೇಳಿದರು.

"ನೀರಲ್ಲಿ ನೆನೆದವ್ರು ಸಾರ್," ಎಂದು ಫೋನಿಟ್ಟು, ಫೆಹೀನ್ ಬೆಸ್ತರನ್ನು ಕೂಗಲು ಕೆಳಗೆ ಓಡಿದ.

ಡಾಂಬರು ಬಳಿದ ಬಟ್ಟೆ ಹೊದಿಸಿದ ದೋಣಿಗಳು ಕಡಲಿಗಿಳಿದವು. ನೀರಿನ ಮಟ್ಟದಲ್ಲಿದ್ದ ಹುಟ್ಟು ಹಾಕುವವರಿಗೆ ಅಲೆಯ ಬೆನ್ನುಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅವರಿಗೆ ಕಂಡದ್ದು ಬಂಡೆಯ ಮೇಲೆ ಬಾರ್ಟ್ಲಿ ಚಾಚಿದ ತೋಳು ಮಾತ್ರ. ತೋಳು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ, ಅವನ ನೋಟದ ದಾರದಲ್ಲೇ ಪೋಣಿಸಿದ ಹಾಗೆ ಸಾಗಿದರು. ಬಾರ್ಟ್ಲಿಯ ಕಣ್ಣಲ್ಲಿ ನೀರು ಸುರಿಯಿತು, ಭುಜ ಸೆಡೆತುಕೊಂಡಿತು. ಚುಕ್ಕೆ ಮುಳುಗಿದಾಗಲೆಲ್ಲ ಅವನ ಉಸಿರೂ ನಿಲ್ಲುತ್ತಿತ್ತು. ಕೊನೆಗೆ ದೂರದಲ್ಲಿ ಯಾರೋ ಹುಟ್ಟನ್ನು ಮೇಲಕ್ಕೆತ್ತಿ ತೋರಿಸಿದರು. ದೋಣಿಯಲ್ಲಿದ್ದವರು ಸಿಕ್ಕಿದ್ದರು.

ಏದುಸಿರು ಬಿಡುತ್ತ ಹತ್ತಿ ಬಂದ ಫೆಹೀನ್ ಕೇಳಿದ, "ದ್ವೀಪ ಎಲ್ಲೋ?"

ಬಾರ್ಟ್ಲಿ ತೋಳಿಳಿಸಿದ. ಪಶ್ಚಿಮಕ್ಕೆ ಬರೀ ಬೆಳಕಿತ್ತು.

"ಗೊತ್ತಿಲ್ಲ ಕಣೋ. ನಾನು ದೋಣಿ ನೋಡ್ತಿದ್ದೆ."