ಎಡಕ್ಕೆ ಎಳೆಯುವ ಗಾಡಿ

ವಿಟ್ಲದ ಹಸನ್ ಕುಂಞಿ ಸ್ಟಿಯರಿಂಗ್ ಹಿಡಿದರೆ ಹಿಂದೆ ಕೂತ ಸರ್ವೇ ಎಂಜಿನಿಯರುಗಳು ಮರಳುದಾರಿಯಲ್ಲೂ ನಿದ್ದೆ ಹೋಗುತ್ತಿದ್ದರು. ಸೌದಿಯ ಜುಬೈಲಿನ ಒಂದು ಪೈಪ್‌ಲೈನ್ ಕಂಪೆನಿಯಲ್ಲಿ ಅವನು ಫೋರ್‌ವೀಲ್ ಗಾಡಿಯ ಡ್ರೈವರ್. ಮಾತು ಕಡಿಮೆ. ಅಲ್ಲಿ ದುಡಿದ ಅಷ್ಟೂ ವರ್ಷಗಳಲ್ಲಿ ತನ್ನ ಗಾಡಿ ಒಮ್ಮೆಯೂ ಮರಳಲ್ಲಿ ಹೂತಿಲ್ಲ ಎಂಬುದೊಂದೇ ಅವನ ಹೆಮ್ಮೆ.

೨೦೧೪ರಲ್ಲಿ ಅವನಿಗೆ ಬೇರೊಬ್ಬ ಡ್ರೈವರ್ ಬಿಟ್ಟುಹೋದ ಗಾಡಿ ಸಿಕ್ಕಿತು. ಬೇಸಗೆ ಮುಗಿಯುವ ಮೊದಲೇ ಅದರ ಎದುರಿನ ಎಡ ಟಯರಿನ ಒಳಬದಿ ಸವೆದು ನೂಲು ಕಾಣತೊಡಗಿತು. ಹೊರಬದಿ ಮಾತ್ರ ಹೊಸದರಂತೆಯೇ ಇತ್ತು. ವರ್ಕ್‌ಶಾಪಿನವರು ಚಕ್ರಗಳನ್ನು ನೇರಕ್ಕೆ ತರುವ ಅಲೈನ್‌ಮೆಂಟ್ ಮಾಡಿ ಹೊಸ ಟಯರ್ ಹಾಕಿದರು. ಅದೂ ಹಾಗೆಯೇ ಸವೆಯಿತು. ಅದರ ನಂತರದ್ದೂ.

ಸೂಪರ್‌ವೈಸರ್ ಸುಫ್ಯಾನ್ ಭಟ್ಕಳದವನು. ಅವನು ಹಸನ್ ಕುಂಞಿಯನ್ನು ಆಫೀಸಿಗೆ ಕರೆಸಿದ.

"ಹಸನ್ ಭಾಯಿ, ಅಲೈನ್‌ಮೆಂಟ್ ಸರಿ ಉಂಟಂತೆ. ಮತ್ತೆ ಟಯರ್ ತಿನ್ನೋದು ಯಾರು? ಕಲ್ಲುದಾರಿಯಲ್ಲಿ ಸ್ಪೀಡಲ್ಲಿ ತಿರುಗಿಸ್ತೀರಿ ನೀವು."

"ಇಲ್ಲ ಸಾರ್. ಗಾಡಿ ಎಡಕ್ಕೆ ಎಳೀತದೆ."

"ಗಾಡಿ ಎಳೆಯೋದಲ್ಲ, ನಿಮ್ಮ ಕೈ ಎಳೆಯೋದು."

ಆ ಮಾತು ಅವನೊಳಗೆ ಇಳಿದು ಕೂತಿತು. ಅಲ್ಲಿಯವರೆಗೆ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಈಗ ಅವನು ಅದನ್ನು ಕಾಯತೊಡಗಿದ. ಹತ್ತಿರದ ದಮ್ಮಾಮ್ ನಗರಕ್ಕೆ ಹೋಗಿ ಕಣ್ಣು ತೋರಿಸಿಕೊಂಡ. ಕಣ್ಣಲ್ಲಿ ದೋಷ ಇರಲಿಲ್ಲ. ಗಾಡಿ ನಿಲ್ಲಿಸಿದಲ್ಲೆಲ್ಲ ಇಳಿದು, ಬಿಸಿ ಟಯರಿನ ಒಳಬದಿಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಎಂಜಿನಿಯರುಗಳು ಗೊಣಗಿದರು. ಒಂದು ಮಧ್ಯಾಹ್ನ ಎಡಕ್ಕೆ ಹೋಗದಂತೆ ಹಿಡಿಯುವ ಭರದಲ್ಲಿ ಬಲಕ್ಕಿದ್ದ ಸಡಿಲ ಮರಳಿಗೆ ನುಗ್ಗಿಸಿಬಿಟ್ಟ. ಗಾಡಿ ಆಕ್ಸಲ್‌ವರೆಗೆ ಹೂತುಹೋಯಿತು. ಇನ್ನೊಂದು ಗಾಡಿ ಬರುವ ತನಕ ಎಲ್ಲರೂ ಉರಿಬಿಸಿಲಲ್ಲಿ ನಿಂತರು. ಯಾರೂ ಅವನನ್ನು ಬೈಯಲಿಲ್ಲ.

ಕ್ಯಾಂಪಿಗೆ ಮರಳಿದವನೇ ಕೀಲಿಯನ್ನು ಸುಫ್ಯಾನನ ಮೇಜಿನ ಮೇಲಿಟ್ಟ. "ನನ್ನಿಂದ ಇನ್ನು ಆಗೋದಿಲ್ಲ ಸಾರ್."

ಅವನನ್ನು ಸ್ಟೋರಿಗೆ ಹಾಕಿದರು. ಹೆಲ್ಮೆಟ್, ಗ್ಲೌಸ್ ಎತ್ತಿಕೊಡುವ ಕೆಲಸ. ಊರಲ್ಲಿದ್ದ ಹೆಂಡತಿ ಮೈಮೂನತ್‌ಗೆ ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮುಂದಿನ ವರ್ಷ ವರ್ಕ್‌ಶಾಪಿಗೆ ಉಳ್ಳಾಲದ ಕೋಯ ಎಂಬ ಮೆಕ್ಯಾನಿಕ್ ಬಂದ. ಅದೇ ಗಾಡಿ ಹೊಸ ಡ್ರೈವರನ ಕೈಯಲ್ಲೂ ಟಯರ್ ತಿನ್ನುತ್ತಿತ್ತು. ಕೋಯ ಚಕ್ರ ಬಿಚ್ಚಿ ನೋಡಿ, ನೇರ ಸ್ಟೋರಿಗೆ ಬಂದ.

"ಹಸನಾಕ, ಚಕ್ರ ಹಿಡಿಯೋ ಅಡಿಯ ಆರ್ಮ್ ಬಗ್ಗಿದೆ ಮಾರಾಯ್ರೆ! ನಿಮಗೆ ಕೊಡೋ ಮೊದಲೇ ಯಾವುದೋ ಬಂಡೆಗೆ ಬಡಿದಿರ್ಬೇಕು. ಚಕ್ರ ನಿಂತದ್ದೇ ವಾರೆ. ಅಲೈನ್‌ಮೆಂಟ್ ಎಷ್ಟು ಮಾಡಿದ್ರೂ ಎಂತ ಪ್ರಯೋಜನ? ನಿಮ್ಮ ತಪ್ಪು ಎಂತದ್ದೂ ಇಲ್ಲ."

ಹಸನ್ ಕುಂಞಿ ತಲೆಯಾಡಿಸಿದ. ಸಂತೋಷ ಆಗಬೇಕಿತ್ತು, ಆಗಲಿಲ್ಲ.

ಕೋಯನೇ ಸುಫ್ಯಾನನ ಹತ್ತಿರ ಮಾತಾಡಿದ. "ಹಾಗಾದ್ರೆ ನಾಳೆಯಿಂದ ಗಾಡಿ ತಗೊಳ್ಳಲಿ," ಎಂದ ಸುಫ್ಯಾನ್, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಹೊಸ ಆರ್ಮ್ ಹಾಕಿ, ಅಲೈನ್‌ಮೆಂಟ್ ಮಾಡಿದ ಗಾಡಿಯಲ್ಲಿ ಕೋಯ ಅವನ ಪಕ್ಕ ಕೂತ. ಕ್ಯಾಂಪಿನ ಗೇಟು ದಾಟುವಷ್ಟರಲ್ಲಿ ಹಸನ್ ಕುಂಞಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

"ಎಡಕ್ಕೆ ಎಳೀತದೆ, ಕೋಯ."

"ಎಲ್ಲಿ ಎಳೀತದೆ ಹಸನಾಕ? ಕೈ ಬಿಟ್ಟು ನೋಡಿ, ನೂಲು ಹಿಡಿದ ಹಾಗೆ ಹೋಗ್ತದೆ."

ಅವನು ಕೈ ಬಿಡಲಿಲ್ಲ. ಬದಿಗೆ ನಿಲ್ಲಿಸಿ ಇಳಿದ. "ನೀನೇ ತಿರುಗಿಸಿಕೊಂಡು ಬಾ," ಎಂದು ಕ್ಯಾಂಪಿಗೆ ನಡೆದುಕೊಂಡೇ ಹೋದ.

ಎರಡು ವರ್ಷಗಳ ನಂತರ ಕಂಪೆನಿ ಬಹಳ ಜನರನ್ನು ತೆಗೆದಾಗ ಅವನ ಹೆಸರೂ ಅದರಲ್ಲಿತ್ತು. ಮಂಗಳೂರು ವಿಮಾನ ನಿಲ್ದಾಣಕ್ಕೆ ಮೈಮೂನತ್ ತನ್ನ ತಮ್ಮನ ಕಾರಿನಲ್ಲಿ ಬಂದಿದ್ದಳು.

"ಭಾವ, ನೀವೇ ಓಡಿಸಿ. ಗಲ್ಫಿನ ಡ್ರೈವರ್ ಇರುವಾಗ ನಾನೆಂತಕ್ಕೆ?" ಎಂದು ತಮ್ಮ ನಕ್ಕ.

ಹಸನ್ ಕುಂಞಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಮೈಮೂನತ್ ಅವನ ಮುಖ ನೋಡಿದಳು.

"ನಿಮಗೆಂತ ಆಯ್ತು?"

"ಸುಸ್ತು," ಎಂದ ಅವನು.