ಇಟ್ಟಿಗೆಯವರ ತಂಡ, ಉಳ್ಳಾಗಡ್ಡಿಯವರ ಮನೆ

ಕಾಲೇಜು ಮೈದಾನದ ಹೊರಗೆ ಹಾಟ್‌ಡಾಗ್ ಗಾಡಿಯವನು ಈರುಳ್ಳಿ ಹುರಿಯತೊಡಗಿದನೆಂದರೆ, ಆ ಸಿಹಿ ಘಾಟಿನ ಹೊಗೆಯೊಳಗೆ ಅಜ್ಜ ಬಂದು ನಿಲ್ಲುತ್ತಾನೆ. ಕರ್ಪೂರದ ವಾಸನೆಯ ಉಣ್ಣೆಯ ಟೋಪಿ, ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ. ನಾವು ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ಮನೆಯಲ್ಲಿದ್ದಾಗ ಶನಿವಾರವೆಂದರೆ ಅಜ್ಜನ ಜೊತೆ ಈ ಕಾಲೇಜಿನ ಫುಟ್‌ಬಾಲ್ ಪಂದ್ಯ. ದಿನಾಂಕ, ಎದುರಾಳಿ, ಅಂಕ ಎಲ್ಲವನ್ನೂ ನಾನು ಡೈರಿಗೆ ಇಳಿಸುತ್ತಿದ್ದೆ. ಆಟ ಅಜ್ಜನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅವನಿಗೆ ಬೇಕಿದ್ದುದು ತಂಡಗಳ ಹೆಸರು. ಹುಲಿ, ಗಿಡುಗ, ಕರಡಿ ಎಂದು ನಾನು ಓದಿ ಹೇಳಿದರೆ, "ಇವೆಲ್ಲಾ ಅಂಗಡ್ಯಾಗ ಕೊಂಡ ಹೆಸರು" ಎಂದು ತಳ್ಳಿಹಾಕುತ್ತಿದ್ದ. ಈ ಕಾಲೇಜಿನವರು ಮಾತ್ರ ಬ್ರಿಕ್‌ಮೇಕರ್ಸ್, ಇಟ್ಟಿಗೆ ಮಾಡುವವರು.

ಒಂದು ವರ್ಷ ನನಗೆ ನಮ್ಮ ಮನೆತನದ ಹೆಸರೇ ಬೇಡವಾಗಿತ್ತು. ಕನ್ನಡಿಗರ ಹಬ್ಬದೂಟದಲ್ಲಿ ಮೈಸೂರಿನ ಆಂಟಿಯೊಬ್ಬರು, "ಉಳ್ಳಾಗಡ್ಡೀನಾ? ಅಂದ್ರೆ ಈರುಳ್ಳಿ ತಾನೇ ಪುಟ್ಟಿ?" ಎಂದು ನಕ್ಕಿದ್ದೇ ತಡ, ಮಕ್ಕಳೆಲ್ಲ ನನ್ನನ್ನು ಆನಿಯನ್ ಎಂದು ಕೂಗತೊಡಗಿದರು. ಅಪ್ಪ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುತ್ತಿದ್ದ. ಜೊತೆಗೇ ಹೆಸರನ್ನೂ ಬದಲಿಸಬಹುದಿತ್ತು. ಬದಲಿಸು ಎಂದು ಹಟ ಹಿಡಿದೆ. ಅಪ್ಪ ಹೂಂ ಅಂದ. ಮುಂದಿನ ಶನಿವಾರ ಮೈದಾನದಲ್ಲಿ ಅಜ್ಜ ಪಕ್ಕದ ಸೀಟಿನ ಮುದುಕನನ್ನು ಮಾತಿಗೆಳೆದು ತಂಡದ ಹೆಸರಿನ ಕತೆ ಹೊರಡಿಸಿದ, ತರ್ಜುಮೆ ನನ್ನದು. ಮೊದಮೊದಲ ಆಟಗಾರರು ನದಿ ದಡದ ಇಟ್ಟಿಗೆ ಭಟ್ಟಿಯ ಕೆಲಸ ಮುಗಿಸಿ ನೇರ ಮೈದಾನಕ್ಕೆ ಬರುತ್ತಿದ್ದರಂತೆ. ಅವರ ಕೆಂಪು ಕೈ ನೋಡಿ ಎದುರಾಳಿಗಳು ಹಂಗಿಸಿದ ಮಾತನ್ನೇ ಅಂಗಿಯ ಮೇಲೆ ಬರೆಸಿಕೊಂಡರಂತೆ.

"ಹಂಗಾರ ಇವರೂ ನಮ್ಮ ಧಾರವಾಡದ ಕಡೆಯವರ!" ಅಜ್ಜನ ಮುಖ ಅರಳಿತು. "ನಮ್ಮ ಮುತ್ತ್ಯಾ ಬುಟ್ಟಿ ಹೊತ್ತು ಉಳ್ಳಾಗಡ್ಡಿ ಮಾರ್ತಿದ್ದ. ಮಂದಿ ಆಡ್ಕೊಂಡ್ರು. ಅಂವ ಅದನ್ನ ಮನಿ ಹೆಸರು ಮಾಡಿದ. ನಿಮ್ಮ ಆಂಟಿಗೆ ಹೇಳವಾ, ಉಳ್ಳಾಗಡ್ಡಿ ಹೆಚ್ಚಾಂವ ಅಳತಾನ, ಉಳ್ಳಾಗಡ್ಡಿ ಅಳೂದಿಲ್ಲ."

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, ಹೆಸರು ಇರಲಿ.

ಈಗ ಅಜ್ಜನಿಲ್ಲ. ಆ ಮನೆಯಲ್ಲಿ ಬೇರೆಯವರ ದೀಪ ಉರಿಯುತ್ತದೆ. ನಾನು ಅದೇ ಕಾಲೇಜಿನ ವಿದ್ಯಾರ್ಥಿನಿ. ಇಟ್ಟಿಗೆ ಹಳತಾಯಿತು, ಗಿಡುಗವಾಗೋಣ ಎಂದು ಕೆಲವರು ತಂಡದ ಹೆಸರು ಬದಲಿಸಲು ಹೊರಟಿದ್ದಾರೆ. ಅದಕ್ಕಾಗಿ ಕರೆದ ಸಭೆಯಲ್ಲಿ ಮೈಕಿನ ಮುಂದೆ ಮೊದಲು ನಿಂತವಳು ನಾನೇ. ಹೆಸರು ಕೇಳಿದರು. ಹೇಳಿದೆ. ಬರೆದುಕೊಳ್ಳುವವಳ ತಲೆಗೆ ಅದು ಹತ್ತಲಿಲ್ಲ. ಅವಸರವಿಲ್ಲದೆ ಒಂದೊಂದೇ ಅಕ್ಷರ ಹೇಳಿ ಬರೆಸಿದೆ, ಆಮೇಲೆ ಭಟ್ಟಿಯ ಕತೆ ಶುರುಮಾಡಿದೆ. ತೆರೆದ ಕಿಟಕಿಯಿಂದ ಈರುಳ್ಳಿಯ ಘಾಟು ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತ ಕೂತವರು ಯಾರೂ ಇರಲಿಲ್ಲ.